ಹತ್ತೊಂಬತ್ತನೆಯ ಶತಮಾನದ ಪೂರ್ವಜನ ಶೋಧ: ಕೋಪರಿಯ ಕನ್ನಡ ಮನೆತನಗಳನ್ನು ಕುರಿತು

1. ಸಮಸ್ಯೆಯ ಸ್ವರೂಪ

ಠಾಣೆ ನಗರದ ಪೂರ್ವಭಾಗದಲ್ಲಿ, ರೈಲುದಾರಿಗೂ ಖಾಡಿಗೂ ನಡುವೆ ಇರುವ ವಸತಿ ಪ್ರದೇಶ ಕೋಪರಿ. ಖಾಡಿಯ ದಂಡೆಯ ಹಳ್ಳಿಯಾಗಿದ್ದ ಈ ಸ್ಥಳದಲ್ಲಿ 1947ರ ದೇಶವಿಭಜನೆಯ ತರುವಾಯ ಸಿಂಧಿ ನಿರಾಶ್ರಿತರು ನೆಲೆಸಿದರು. ಮುಂಬಯಿಯ ಉದ್ಯೋಗಾವಕಾಶಗಳು ಠಾಣೆ, ಕಲ್ಯಾಣ, ಡೊಂಬಿವಲಿಗಳತ್ತ ವಿಸ್ತರಿಸಿದಂತೆ ಕನ್ನಡ ಮನೆಗಳೂ ಈ ಭಾಗದಲ್ಲಿ ಬೆಳೆದವು. ಈ ಮನೆಗಳಲ್ಲಿ ಮೂಲ ಊರಿನ ನೆನಪು ಸಾಮಾನ್ಯವಾಗಿ ಒಬ್ಬ ಪೂರ್ವಜನ ಕಥೆಯ ರೂಪದಲ್ಲಿ ಉಳಿದಿರುತ್ತದೆ. ಮುತ್ತಜ್ಜ ದೇಸಗತಿಯ ಕಾರಕೂನನಾಗಿದ್ದ, ಬರದಲ್ಲಿ ಊರು ಬಿಟ್ಟ, ಹಡಗು ಹತ್ತಿ ಬಂದ ಎಂಬಂತಹ ಮಾತುಗಳು ಅವು. ಇಂತಹ ಕಥೆಯಿಂದ ಹೊರಟು ಆ ವ್ಯಕ್ತಿಯ ಬದುಕನ್ನು ಆಧಾರಸಹಿತವಾಗಿ ಕಟ್ಟುವುದು ಸಾಧ್ಯವೇ, ಸಾಧ್ಯವಾದರೆ ಯಾವ ಕ್ರಮದಲ್ಲಿ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಇದು ಕೇವಲ ಕುಟುಂಬದ ಅಭಿಮಾನಕ್ಕೆ ಸಂಬಂಧಿಸಿದ ಪ್ರಶ್ನೆಯಲ್ಲ. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರದ ಪರಿಶೀಲನೆಗೆ ಪೂರ್ವಜರ ವಾಸಸ್ಥಳವನ್ನು ತೋರಿಸುವ ಹಳೆಯ ಕಾಗದಗಳು ಅಗತ್ಯವಾಗುತ್ತವೆ. ಪರಿಶಿಷ್ಟ ಜಾತಿ ಪಂಗಡಗಳಿಗೆ 1950, ವಿಮುಕ್ತ ಜಾತಿ ಮತ್ತು ಅಲೆಮಾರಿ ಪಂಗಡಗಳಿಗೆ 1961, ಇತರ ಹಿಂದುಳಿದ ವರ್ಗಗಳಿಗೆ 1967 ನಿರ್ಣಾಯಕ ವರ್ಷಗಳು. ಹೀಗಾಗಿ ಅನೇಕ ಮನೆಗಳಲ್ಲಿ ಪೂರ್ವಜನ ಶೋಧವು ಕಚೇರಿಯ ಕಾರಣದಿಂದಲೇ ಆರಂಭವಾಗುತ್ತದೆ. ಇನ್ನೊಂದು ಕಡೆ, ಮನೆಯ ಪೆಟ್ಟಿಗೆಯಲ್ಲಿ ಮೋಡಿ ಲಿಪಿಯ ಕಾಗದವೊಂದು ದೊರೆತೊಡನೆ 'ನಮ್ಮ ಹಿರಿಯರು ಮರಾಠಿಗರೇ ಆಗಿದ್ದರು' ಎಂದು ತೀರ್ಮಾನಿಸುವವರಿದ್ದಾರೆ. ಠಾಣೆಯ ಶಿಲಾಹಾರರ ಶಾಸನಗಳಲ್ಲಿ ಕನ್ನಡ ಬಿರುದುಗಳಿವೆ ಎಂಬುದನ್ನು ಹಿಡಿದು 'ನಾವು ಇಲ್ಲಿನ ಮೂಲನಿವಾಸಿಗಳು' ಎನ್ನುವವರೂ ಇದ್ದಾರೆ. ಎರಡೂ ತೀರ್ಮಾನಗಳಲ್ಲಿರುವ ದೋಷ ಒಂದೇ. ದಾಖಲೆಯ ಭಾಷೆಯನ್ನಾಗಲಿ ಪ್ರದೇಶದ ಪ್ರಾಚೀನತೆಯನ್ನಾಗಲಿ ಒಬ್ಬ ವ್ಯಕ್ತಿಯ ಗುರುತೆಂದು ಭಾವಿಸಲಾಗಿದೆ. ದಾಖಲೆಯ ಭಾಷೆ ಕಚೇರಿಯದು. ಅದು ಪೂರ್ವಜನದೇ ಆಗಿರಬೇಕೆಂದಿಲ್ಲ. ಪೂರ್ವಜನನ್ನು ಹೆಸರಿನಿಂದ ಮಾತ್ರ ಗುರುತಿಸಲು ಬಾರದು; ಊರು, ಬಂಧುತ್ವ, ಭೂಮಿ, ಕಾಲ ಈ ನಾಲ್ಕೂ ಒಂದೆಡೆ ಕೂಡಿದಾಗ ಮಾತ್ರ ಗುರುತು ಸ್ಥಿರವಾಗುತ್ತದೆ. ಮುಂದಿನ ವಿವೇಚನೆಯಲ್ಲಿ ಈ ಮಾತನ್ನೇ ಸಮರ್ಥಿಸಲಾಗಿದೆ.

2. ತಲೆಮಾರಿನ ಲೆಕ್ಕ

ಒಂದು ತಲೆಮಾರಿಗೆ ಸುಮಾರು 25ರಿಂದ 30 ವರ್ಷಗಳೆಂದು ಹಿಡಿಯುವುದು ವಾಡಿಕೆ. 1960ರಲ್ಲಿ ಹುಟ್ಟಿದವರ ತಂದೆ 1930ರ ಸುಮಾರಿಗೆ, ಅಜ್ಜ 1900ರ ಸುಮಾರಿಗೆ, ಮುತ್ತಜ್ಜ 1870ರ ಸುಮಾರಿಗೆ ಹುಟ್ಟಿರಬಹುದು. ಶ್ರಾದ್ಧಕರ್ಮವನ್ನು ಆಚರಿಸುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜ ಹೀಗೆ ಮೂರು ತಲೆಮಾರುಗಳ ಹೆಸರನ್ನು, ಅವರ ಪತ್ನಿಯರ ಹೆಸರುಗಳೊಡನೆ, ಉಚ್ಚರಿಸುವ ಪದ್ಧತಿಯಿದೆ. ಇದು ಕ್ರಿಯೆಯ ಮೂಲಕ ಉಳಿದು ಬಂದ ಒಂದು ಮೌಖಿಕ ವಂಶಾವಳಿಯೇ ಸರಿ. ಆದರೆ ಮೇಲಿನ ಲೆಕ್ಕದಂತೆ ಅದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗವನ್ನು ಮುಟ್ಟಿ ನಿಂತುಬಿಡುತ್ತದೆ. ಹಿರಿಯರೊಬ್ಬರು ತೀರಿಕೊಂಡರೆ ಮೇಲಿನ ಒಂದು ಹೆಸರು ಕ್ರಿಯೆಯಿಂದ ಹೊರಬೀಳುತ್ತದೆ. ಆದುದರಿಂದ ಮನೆಯ ಹಿರಿಯರು ಉಚ್ಚರಿಸುವ ಹೆಸರುಗಳನ್ನು ಇಂದೇ ಬರೆದಿಟ್ಟುಕೊಳ್ಳುವುದು ಶೋಧದ ಮೊದಲನೆಯ ಹೆಜ್ಜೆ.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ಸ್ಪಷ್ಟವಾಗುತ್ತದೆ. ಕೋಪರಿಯಲ್ಲಿ ಇಂದು ಇರುವ ಕನ್ನಡ ಮನೆಗಳ ಹೆಚ್ಚಿನ ವಲಸೆ ಇಪ್ಪತ್ತನೆಯ ಶತಮಾನದ್ದು. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಪೂರ್ವಜ ಬಹುಮಟ್ಟಿಗೆ ಠಾಣೆಯನ್ನು ಕಂಡವನೇ ಅಲ್ಲ. ಇಲ್ಲಿಗೆ ಬಂದುದು ಅವನ ಕಥೆ. ಅವನ ಕಾಗದಗಳು ಬೇರೆಡೆ ಇವೆ. ಠಾಣೆಯ ಶಾಲಾ ದಾಖಲೆ, ಬಾಡಿಗೆ ಪಾವತಿ, ಪಡಿತರ ಚೀಟಿ, ಕಾರ್ಖಾನೆಯ ಕೆಲಸದ ಪತ್ರ ಇವುಗಳಿಂದ ಆರಂಭಿಸಿ, ಒಂದೊಂದೇ ತಲೆಮಾರು ಹಿಂದಕ್ಕೆ ಸರಿದು, ಮೂಲ ಊರನ್ನು ಮುಟ್ಟಬೇಕು. ಪ್ರಸಿದ್ಧ ಮನೆತನವೊಂದರಿಂದ ಕೆಳಗಿಳಿದು ತಮ್ಮ ಮನೆಗೆ ಗಂಟುಹಾಕುವ ವಿಧಾನ ಸುಲಭವಾದರೂ ವಿಶ್ವಾಸಾರ್ಹವಲ್ಲ.

3. ಊರು ಯಾವ ಆಡಳಿತಕ್ಕೆ ಸೇರಿತ್ತು

ಹೊರನಾಡಿನ ಸಂಶೋಧಕರು ಮೊದಲು ಗಮನಿಸಬೇಕಾದ ಅಂಶವೆಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡನಾಡೆಂಬ ಒಂದೇ ಆಡಳಿತ ಘಟಕ ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಕರಾವಳಿಯ ಕನ್ನಡ ಜಿಲ್ಲೆ ಕಂಪನಿಯ ವಶವಾಗಿ ಮದರಾಸು ಅಧಿಪತ್ಯಕ್ಕೆ ಸೇರಿತು. 1818ರಲ್ಲಿ ಪೇಶವೆಯವರ ರಾಜ್ಯ ಅಳಿದಾಗ ಧಾರವಾಡದ ಭಾಗ ಮುಂಬಯಿ ಆಡಳಿತಕ್ಕೆ ಬಂದಿತು. 1836ರಲ್ಲಿ ಅದರ ಉತ್ತರಭಾಗ ಬೆಳಗಾವಿ ಜಿಲ್ಲೆಯಾಯಿತು. ಬಿಜಾಪುರದ ಸೀಮೆ 1848ರವರೆಗೆ ಸಾತಾರೆಯ ರಾಜರಿಗೆ ಸೇರಿದ್ದು, ಮುಂದೆ 1864ರಲ್ಲಿ ಕಲಾದಗಿ ಜಿಲ್ಲೆಯೆಂದು ರೂಪುಗೊಂಡಿತು. ಜಿಲ್ಲಾಕೇಂದ್ರ ಬಿಜಾಪುರಕ್ಕೆ ಬಂದುದು 1885ರಲ್ಲಿ. ಕಲಬುರ್ಗಿ, ಬೀದರ, ರಾಯಚೂರುಗಳು ನಿಜಾಮನ ರಾಜ್ಯದಲ್ಲಿದ್ದವು. ಮೈಸೂರು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಶನರರ ಆಡಳಿತದಲ್ಲಿತ್ತು. ಕೊಡಗು 1834ರಲ್ಲಿ ಕಂಪನಿಯ ವಶವಾಯಿತು. ಇವಲ್ಲದೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸೊಂಡೂರು ಮೊದಲಾದ ಸಂಸ್ಥಾನಗಳಿದ್ದವು. ಸಾಂಗಲಿ, ಜತ್ತ, ಅಕ್ಕಲಕೋಟೆ ಸಂಸ್ಥಾನಗಳ ಆಳ್ವಿಕೆಯಲ್ಲಿಯೂ ಕನ್ನಡದ ಊರುಗಳಿದ್ದವು.

ಈ ವಿಂಗಡಣೆಯೇ ದಾಖಲೆಯ ಸ್ಥಳವನ್ನು ನಿರ್ಧರಿಸುತ್ತದೆ. ಮಂಗಳೂರಿನ ಕಡೆಯ ಮನೆತನದವರು ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನು ನೋಡಬೇಕು. ಧಾರವಾಡ, ಬೆಳಗಾವಿ, ಬಿಜಾಪುರಗಳವರಿಗೆ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ಮಹಾರಾಷ್ಟ್ರ ಪತ್ರಾಗಾರವೂ ಪುಣೆಯ ಪೇಶವೆ ದಫ್ತರವೂ ಮುಖ್ಯ. ಕಲಬುರ್ಗಿಯವರಿಗೆ ಹೈದರಾಬಾದಿನ ಪತ್ರಾಗಾರ, ಹಳೆಯ ಮೈಸೂರಿನವರಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ಭಾಷೆಯೂ ಅಂತೆಯೇ ಬದಲಾಗುತ್ತದೆ. ನಿಜಾಮನ ಕಚೇರಿಯಲ್ಲಿ ಮೊದಲು ಪಾರಸಿ, 1880ರ ದಶಕದಿಂದ ಉರ್ದು. ಧಾರವಾಡದ ಕಚೇರಿಯಲ್ಲಿ ಶತಮಾನದ ಪೂರ್ವಾರ್ಧದಲ್ಲಿ ಬಹುಮಟ್ಟಿಗೆ ಮೋಡಿಯಲ್ಲಿ ಬರೆದ ಮರಾಠಿ. ಕರಾವಳಿಯ ಶಾನುಭಾಗರ ಕಡತಗಳಲ್ಲಿ ಕನ್ನಡ. ಮೂವರು ಕನ್ನಡ ಒಕ್ಕಲಿಗರು ಒಂದೇ ವರ್ಷದಲ್ಲಿ ಕಂದಾಯ ಕೊಟ್ಟರೂ ಅವರ ಹೆಸರು ಮೂರು ಲಿಪಿಗಳಲ್ಲಿ ದಾಖಲಾಗಿರುವುದು ಸಾಧ್ಯ. ಮೋಡಿಯ ಕಾಗದವು ಮನೆತನದ ಮಾತೃಭಾಷೆಗೆ ಸಾಕ್ಷಿಯಾಗಲಾರದೆಂಬುದು ಇದರಿಂದಲೇ ವಿದಿತವಾಗುತ್ತದೆ.

4. ಒಂದು ನಿದರ್ಶನ

ಈ ಮಾತನ್ನು ಪ್ರಸಿದ್ಧ ವ್ಯಕ್ತಿಯೊಬ್ಬರ ನಿದರ್ಶನದಿಂದ ವಿಶದಪಡಿಸಬಹುದು. ಸರ್ ನಾರಾಯಣ ಗಣೇಶ ಚಂದಾವರಕರರು 1855ರ ಡಿಸೆಂಬರ್ 2ರಂದು ಹೊನ್ನಾವರದಲ್ಲಿ ಹುಟ್ಟಿದರು. ವಿದ್ಯಾಭ್ಯಾಸಕ್ಕೆ ಮುಂಬಯಿಗೆ ಬಂದು, 1881ರಲ್ಲಿ ಕಾನೂನು ಪದವಿ ಪಡೆದು, 1900ರಲ್ಲಿ ಲಾಹೋರಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು, 1901ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು, 1923ರಲ್ಲಿ ದಿವಂಗತರಾದರು. ಮೇಲುನೋಟಕ್ಕೆ ಇದು ಸಂಪೂರ್ಣವಾಗಿ ಮುಂಬಯಿ ಅಧಿಪತ್ಯದ ಜೀವನ. ಆದರೆ ಅವರು ಹುಟ್ಟಿದಾಗ ಹೊನ್ನಾವರ ಮದರಾಸು ಅಧಿಪತ್ಯದಲ್ಲಿತ್ತು. ಕನ್ನಡ ಜಿಲ್ಲೆಯನ್ನು ಉತ್ತರ ದಕ್ಷಿಣವೆಂದು ವಿಭಜಿಸಿ, ಉತ್ತರ ಭಾಗವನ್ನು ಮುಂಬಯಿಗೆ ವರ್ಗಾಯಿಸಿದುದು 1862ರಲ್ಲಿ. ಮನೆಯವರು ಊರು ಬಿಡದಿದ್ದರೂ ಅವರ ಊರಿನ ಕಾಗದಪತ್ರಗಳ ದಾರಿ ಬದಲಾಯಿತು. ತಂದೆ ಅಜ್ಜಂದಿರ ಕಾಲದ ಕಂದಾಯದ ಪತ್ರವ್ಯವಹಾರ ಮದರಾಸಿನತ್ತ ಹರಿದರೆ, ಮಗನ ಕಾಲದ್ದು ಮುಂಬಯಿಯತ್ತ ಹರಿಯಿತು. ಉತ್ತರ ಕನ್ನಡದ ಯಾವ ಮನೆತನಕ್ಕಾದರೂ 1862 ಒಂದು ಮುಖ್ಯ ಗಡಿರೇಖೆ.

ಇದೇ ಮನೆತನದ ಇನ್ನೊಂದು ಅಂಶ ಹೆಸರಿಗೆ ಸಂಬಂಧಿಸಿದುದು. ಚಂದಾವರಕರರ ಸೋದರಮಾವ ಶಾಮರಾವ ವಿಠ್ಠಲ ಕಾಯ್ಕಿಣಿಯವರು ಮುಂಬಯಿಯ ಚಿತ್ರಾಪುರ ಸಾರಸ್ವತ ಸಮಾಜದಲ್ಲಿ ಗಣ್ಯರಾಗಿದ್ದ ವಕೀಲರು. ಅವರ ಸ್ಮರಣಾರ್ಥ ಶ್ರೀಪಾದ ಸುಬ್ಬರಾವ ತಲಮಕಿಯವರು 1906ರಲ್ಲಿ ಸ್ಥಾಪಿಸಿದ ಸಹಕಾರಿ ಬ್ಯಾಂಕಿನ ಹೆಸರು ಶಾಮರಾವ ವಿಠ್ಠಲ ಎಂದಷ್ಟೇ ಇತ್ತು. ವ್ಯಕ್ತಿನಾಮ, ತಂದೆಯ ಹೆಸರು ಉಳಿದು, ಕಾಯ್ಕಿಣಿ ಎಂಬ ಊರಿನ ಹೆಸರು ಬಿಟ್ಟುಹೋಗಿದೆ. ಚಂದಾವರಕರರ ವಿಷಯದಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಊರಿನ ಹೆಸರೇ ಲೋಕದಲ್ಲಿ ನಿಂತಿತು. ಚಂದಾವರ, ಕಾಯ್ಕಿಣಿ ಎರಡೂ ಉತ್ತರ ಕನ್ನಡ ಜಿಲ್ಲೆಯ ಊರುಗಳು. ಅಡ್ಡಹೆಸರಿನ ಅನುಕ್ರಮಣಿಕೆಯಲ್ಲಿ ಮಾತ್ರ ಹುಡುಕುವವನಿಗೆ ಸೋದರಳಿಯ ದೊರೆಯುತ್ತಾನೆ, ಸೋದರಮಾವ ತಪ್ಪಿಹೋಗುತ್ತಾನೆ. ಒಂದೇ ಕುಟುಂಬದ, ಒಂದೇ ನಗರದ, ವಿದ್ಯಾವಂತ ವ್ಯಕ್ತಿಗಳ ವಿಷಯದಲ್ಲಿಯೇ ಹೀಗಾದರೆ ಸಾಮಾನ್ಯ ರೈತನ ಹೆಸರಿನ ಗತಿ ಹೇಗಿರಬಹುದೆಂಬುದನ್ನು ಊಹಿಸಬಹುದು.

ಚಿತ್ರಾಪುರ ಸಾರಸ್ವತರ ಇತಿಹಾಸವನ್ನು ಅಮೆರಿಕದ ವಿದ್ವಾಂಸ ಫ್ರಾಂಕ್ ಕಾನ್ಲನ್ ಅವರು 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಮನೆಯಲ್ಲಿ ಕೊಂಕಣಿ, ಶಾಲೆ ಮತ್ತು ಲೆಕ್ಕಪತ್ರಗಳಲ್ಲಿ ಕನ್ನಡ, ವೃತ್ತಿಯಲ್ಲಿ ಇಂಗ್ಲಿಷ್ ಬಳಸಿದ ಈ ಸಮಾಜಕ್ಕೆ ಶಿರಾಲಿಯ ಮಠದ ಸಂಬಂಧ, ಮುದ್ರಿತ ಜನಗಣತಿ, ವಿಳಾಸಪುಸ್ತಕಗಳ ಅನುಕೂಲವಿದೆ. ಇಷ್ಟು ಸಾಮಗ್ರಿ ಇಲ್ಲದ ಸಮಾಜಗಳು ಬೇರೆ ದಾರಿಗಳನ್ನು ಅನುಸರಿಸಬೇಕಾಗುತ್ತದೆ.

5. ಹೆಸರು ಮತ್ತು ಸ್ಥಳ

ಹತ್ತೊಂಬತ್ತನೆಯ ಶತಮಾನದ ವ್ಯಕ್ತಿನಾಮ ಇಂದಿನಂತೆ ಸ್ಥಿರವಾದುದಲ್ಲ. ಮೊದಲನೆಯದಾಗಿ, ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಮತ್ತೆ ಕಾಣಿಸಿಕೊಳ್ಳುತ್ತದೆ. ಒಂದು ಮನೆಯಲ್ಲಿ ಚನ್ನಬಸಪ್ಪನ ಮಗ ರುದ್ರಪ್ಪ, ಅವನ ಮಗ ಮತ್ತೆ ಚನ್ನಬಸಪ್ಪ ಎಂದಿದ್ದರೆ, ದಾಖಲೆಯ ಚನ್ನಬಸಪ್ಪ ಯಾರು ಎಂಬುದನ್ನು ವರ್ಷ ಮತ್ತು ತಂದೆಯ ಹೆಸರಿನಿಂದಲೇ ನಿರ್ಧರಿಸಬೇಕು. ಎರಡನೆಯದಾಗಿ, ಹುದ್ದೆಯೇ ಹೆಸರಿಗೆ ಅಂಟಿಕೊಳ್ಳುತ್ತದೆ. ಧಾರವಾಡ ಸೀಮೆಯಲ್ಲಿ ಕನ್ನಡ ಶಿಕ್ಷಣಕ್ಕೆ ದುಡಿದ ಚನ್ನಬಸಪ್ಪನವರು (1834-1881) ಇಂದಿಗೂ ಡೆಪ್ಯುಟಿ ಚನ್ನಬಸಪ್ಪನವರೆಂದೇ ಪ್ರಸಿದ್ಧರು. ದೇಸಾಯಿ, ನಾಡಗೌಡ, ಪಾಟೀಲ, ಕುಲಕರ್ಣಿ ಎಂಬುವು ಮೊದಲು ಹುದ್ದೆಗಳು, ಆಮೇಲೆ ಅಡ್ಡಹೆಸರುಗಳು. ಒಂದು ಊರಿನ ಪಾಟೀಲರಿಗೂ ನೆರೆಯ ಊರಿನ ಪಾಟೀಲರಿಗೂ ರಕ್ತಸಂಬಂಧ ಇರಬೇಕೆಂದೇನೂ ಇಲ್ಲ. ಮೂರನೆಯದಾಗಿ, ಮರಾಠಿ ಕಾರಕೂನನ ಲೇಖನಿಯಲ್ಲಿ ಕನ್ನಡ ಹೆಸರುಗಳು ಬದಲಾಗುತ್ತವೆ. ಗೌಡ ಎಂಬುದು ಪಾಟೀಲನಾಗಬಹುದು, ಅಪ್ಪ ಎಂಬ ಅಂತ್ಯ ಬಿಟ್ಟುಹೋಗಬಹುದು, ಊರ ಹೆಸರಿಗೆ 'ಕರ' ಎಂಬ ಪ್ರತ್ಯಯ ಸೇರಬಹುದು.

ಸ್ಥಳನಾಮಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಕೋಪರಿಯನ್ನೇ ತೆಗೆದುಕೊಂಡರೆ, ಠಾಣೆ ಪೂರ್ವದ ಕೋಪರಿಯಲ್ಲದೆ ನವಿಮುಂಬಯಿಯಲ್ಲಿ ಇನ್ನೊಂದು ಕೋಪರಿ ಇದೆ, ಡೊಂಬಿವಲಿಯ ಬಳಿ ಕೋಪರ ಎಂಬ ರೈಲು ನಿಲ್ದಾಣವಿದೆ, ಕೋಪರಖೈರಣೆ ಮತ್ತೊಂದು. ಹಳೆಯ ಪತ್ರದ ಮೇಲಿನ ವಿಳಾಸ ಯಾವುದೆಂಬುದನ್ನು ಅಂಚೆ ಮುದ್ರೆ ಅಥವಾ ನೆರೆಯ ಸ್ಥಳದ ಹೆಸರಿನಿಂದ ನಿಶ್ಚಯಿಸಿಕೊಳ್ಳಬೇಕು. ಕಲ್ಯಾಣ ಎಂಬ ಹೆಸರು ಇನ್ನೂ ತೊಡಕಿನದು. ಠಾಣೆ ಜಿಲ್ಲೆಯ ಕಲ್ಯಾಣ, ಬೀದರ ಜಿಲ್ಲೆಯ ಬಸವಕಲ್ಯಾಣ, ಉಡುಪಿಯ ಹತ್ತಿರದ ಕಲ್ಯಾಣಪುರ ಮೂರೂ ಬೇರೆ ಬೇರೆ. 'ನಾವು ಕಲ್ಯಾಣದವರು' ಎಂಬ ಮಾತನ್ನು ಠಾಣೆಯ ಮೊಮ್ಮಕ್ಕಳು ನೆರೆಯ ಕಲ್ಯಾಣವೆಂದು ಅರ್ಥೈಸಿಕೊಂಡರೆ ಮುಂದಿನ ಶೋಧವೆಲ್ಲ ದಾರಿತಪ್ಪುತ್ತದೆ. ಇಂತಹ ಸಂದರ್ಭದಲ್ಲಿ ಕುಲದೇವತೆಯ ಸ್ಥಾನ, ಮದುವೆಯ ಸಂಬಂಧ ಬೆಳೆಸಿದ ಊರುಗಳು, ಮನೆಯಲ್ಲಿ ಉಳಿದ ಆಡುಮಾತು ಇವು ದಿಕ್ಕನ್ನು ತೋರಿಸುತ್ತವೆ.

6. ಕಾಲಗಣನೆ

ಮನೆಯ ಜಾತಕ, ಕ್ರಯಪತ್ರ, ಲೆಕ್ಕದ ಪುಸ್ತಕಗಳಲ್ಲಿ ಕ್ರಿಸ್ತಶಕ ವಿರಳ. ಶಾಲಿವಾಹನ ಶಕವರ್ಷಕ್ಕೆ 78 ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತವರ್ಷ ದೊರೆಯುತ್ತದೆ. ಕಂದಾಯದ ಕಾಗದಗಳಲ್ಲಿ ಕಾಣುವ ಫಸಲಿ ವರ್ಷಕ್ಕೆ ದಕ್ಷಿಣದಲ್ಲಿ 590 ಕೂಡಿಸಬೇಕು. ಫಸಲಿ 1286 ಎಂದರೆ 1876-77. ಮರಾಠಿ ಕಾಗದಗಳ ಶುಹೂರ ಸನ್ನಿಗೆ 599 ಅಥವಾ 600 ಕೂಡಿಸಬೇಕು. ಅಲ್ಲಿ ವರ್ಷವನ್ನು ಅರಬ್ಬಿ ಸಂಖ್ಯಾಶಬ್ದಗಳಲ್ಲಿ ಬರೆದಿರುವುದರಿಂದ ಹೊಸಬರಿಗೆ ಅದು ವರ್ಷವೆಂದೇ ತಿಳಿಯುವುದಿಲ್ಲ.

ಮೌಖಿಕ ಪರಂಪರೆಯಲ್ಲಿ ಹೆಚ್ಚಾಗಿ ಉಳಿಯುವುದು ಸಂವತ್ಸರದ ಹೆಸರು. ಅರವತ್ತು ವರ್ಷಗಳ ಈ ಚಕ್ರದಲ್ಲಿ ಒಂದೇ ಹೆಸರು ಶತಮಾನದಲ್ಲಿ ಎರಡು ಸಲ ಬರಬಹುದು. ಧಾತು ಸಂವತ್ಸರ 1816-17ರಲ್ಲಿ ಒಮ್ಮೆ, 1876-77ರಲ್ಲಿ ಮತ್ತೊಮ್ಮೆ ಬಂದಿತು. ಎರಡನೆಯದು ಧಾತು ಈಶ್ವರದ ಬರವೆಂದು ಪ್ರಸಿದ್ಧವಾದ ಘೋರ ಕ್ಷಾಮದ ವರ್ಷ. 'ಅಜ್ಜ ಧಾತು ಸಂವತ್ಸರದಲ್ಲಿ ಹುಟ್ಟಿದ' ಎಂಬ ಮಾತಿನಲ್ಲಿ ಎರಡು ತಲೆಮಾರುಗಳ ಅಂತರ ಅಡಗಿದೆ. ಆ ಅಜ್ಜ 1840ರ ದಶಕದಲ್ಲಿ ಭೂಮಿ ಉಳುತ್ತಿದ್ದನೆಂದು ಕಾಗದವಿದ್ದರೆ ಮೊದಲನೆಯದು; ಆ ಅಜ್ಜನನ್ನು ಕಣ್ಣಾರೆ ಕಂಡವರ ಮಾತನ್ನು ಕೇಳಿದವರು ಇನ್ನೂ ಇದ್ದರೆ ಎರಡನೆಯದು. ತಿಥಿ ವಾರಗಳೂ ದೊರೆತಲ್ಲಿ ಶಾಸನತಜ್ಞರು ಬಳಸುವ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳಿಂದ ದಿನಾಂಕವನ್ನು ಪರೀಕ್ಷಿಸಬಹುದು.

7. ಮನೆಯ ಹೊರಗೆ ಉಳಿದ ವಂಶಾವಳಿ

ಉತ್ತರ ಕರ್ನಾಟಕದ ಮನೆತನಗಳಿಗೆ ಲಭ್ಯವಿರುವ ವಿಶಿಷ್ಟ ಆಕರವೆಂದರೆ ಹೆಳವರ ಪರಂಪರೆ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ತಮಗೆ ಸೇರಿದ ಒಕ್ಕಲು ಮನೆಗಳಿಗೆ ಕೆಲವು ವರ್ಷಗಳಿಗೊಮ್ಮೆ ಬಂದು ವಂಶದ ಹೆಸರುಗಳನ್ನು ಹೇಳುವುದು ಹೆಳವರ ವೃತ್ತಿ. ಮನೆಯ ಬೆಡಗು, ಮೂಲಸ್ಥಳ, ಅಲ್ಲಿಂದ ಸರಿದು ಬಂದ ಊರುಗಳು, ಅನಂತರ ತಲೆಮಾರುಗಳ ಹೆಸರುಗಳು ಎಂಬುದು ಅವರ ಹೇಳಿಕೆಯ ಕ್ರಮ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿ, ದವಸ, ಬಟ್ಟೆ, ಹಣ, ಕೆಲವೊಮ್ಮೆ ದನವನ್ನು ಕಾಣಿಕೆಯಾಗಿ ಪಡೆಯುತ್ತಾರೆ. ಲಿಂಗಾಯತ, ಕುರುಬ, ರೆಡ್ಡಿ ಮೊದಲಾದ ಒಕ್ಕಲು ಸಮಾಜಗಳಿಗೆ ಇದು ಹಲವು ತಲೆಮಾರುಗಳ ಲಿಖಿತ ಆಕರ.

ಕೋಪರಿಯವರಿಗೆ ಇಲ್ಲಿ ಒಂದು ತೊಡಕಿದೆ. ಹೆಳವ ಬರುವುದು ಮೂಲ ಊರಿನ ಮನೆಗೆ. ಊರಲ್ಲಿ ಮನೆ ಮುಚ್ಚಿದ್ದರೆ ಹೊಸ ತಲೆಮಾರಿನ ಹೆಸರುಗಳು ಪುಸ್ತಕಕ್ಕೆ ಸೇರುವುದಿಲ್ಲ, ಕ್ರಮೇಣ ಆ ಶಾಖೆಯೇ ಕಡಿದುಹೋಗುತ್ತದೆ. ಊರಲ್ಲಿ ಉಳಿದ ದಾಯಾದಿಗಳ ಮನೆಯ ಮೂಲಕ ಹೆಳವರನ್ನು ಕಂಡು, ಅವರ ಒಪ್ಪಿಗೆಯಿಂದ ಬರೆದುಕೊಳ್ಳುವುದೇ ಯೋಗ್ಯವಾದ ಮಾರ್ಗ. ಈ ಆಕರದ ಮಿತಿಗಳನ್ನೂ ಮರೆಯಬಾರದು. ಆರಂಭದ ಭಾಗ ಪುರಾಣಸದೃಶವಾಗಿರುತ್ತದೆ. ಹೆಣ್ಣುಮಕ್ಕಳ ಹೆಸರುಗಳು ವಿರಳ. ಕಾಣಿಕೆ ಪಡೆಯುವ ಸಂದರ್ಭದಲ್ಲಿ ವಂಶದ ಹೊಗಳಿಕೆ ಸಹಜ. ಆದರೆ ಹೆಸರುಗಳ ಅನುಕ್ರಮ ಮತ್ತು ಊರುಗಳ ಪಟ್ಟಿ, ಬೇರೆ ದಾಖಲೆಗಳೊಡನೆ ಹೋಲಿಸಲು ತುಂಬ ಉಪಯುಕ್ತ.

ನಾಸಿಕ, ತ್ರ್ಯಂಬಕೇಶ್ವರ, ಕಾಶಿ ಮೊದಲಾದ ಕ್ಷೇತ್ರಗಳ ತೀರ್ಥಪುರೋಹಿತರ ವಹಿಗಳು ಇದೇ ಜಾತಿಯ ಇನ್ನೊಂದು ಆಕರ. ಯಾತ್ರಿಕನು ತನ್ನ ಹೆಸರು, ತಂದೆ ಅಜ್ಜಂದಿರ ಹೆಸರು, ಊರು, ಜೊತೆಗೆ ಬಂದವರ ಹೆಸರುಗಳನ್ನು ಬರೆಯಿಸಿ ಸಹಿ ಮಾಡುವುದು ಪದ್ಧತಿ. ಪೂರ್ವಜನ ಸ್ವಹಸ್ತಾಕ್ಷರ ದೊರೆಯುವ ಸಂಭವ ಇಲ್ಲಿ ಉಂಟು. ಸರಕಾರಿ ಕಾಗದದಲ್ಲಿ ಅವನ ಹೆಸರನ್ನು ಕಾರಕೂನ ಬರೆದ. ಇಲ್ಲಿ ಅವನೇ ಬರೆದಿದ್ದರೆ ಅವನು ಯಾವ ಲಿಪಿಯನ್ನು ಬಲ್ಲವನಾಗಿದ್ದನೆಂಬುದೂ ತಿಳಿಯುತ್ತದೆ. ಠಾಣೆಯವರಿಗೆ ನಾಸಿಕ ದೂರವಲ್ಲ. ಆದರೆ ವಹಿಗಳ ವಿಂಗಡಣೆ ಊರು ಮತ್ತು ಮನೆತನದ ಹೆಸರುಗಳಿಂದ ಆಗಿರುವುದರಿಂದ ಮೂಲ ಊರಿನ ಹೆಸರನ್ನು ತಿಳಿಯದೆ ಹೋದರೆ ಪ್ರಯೋಜನವಿಲ್ಲ.

8. ಸರಕಾರಿ ದಾಖಲೆಗಳು

ಮುಂಬಯಿ ಕರ್ನಾಟಕದ ಭೂಮಿಯ ವಿಷಯದಲ್ಲಿ ಇನಾಮು ವಿಚಾರಣೆಯ ಕಾಗದಗಳಿಗೆ ಅಗ್ರಸ್ಥಾನ. ಧಾರವಾಡ ಸೀಮೆಯಲ್ಲಿ 1843ರಲ್ಲಿ ಆರಂಭವಾದ ಈ ವಿಚಾರಣೆಗೆ 1852ರ 11ನೆಯ ಕಾಯಿದೆ ಶಾಸನಬಲ ಕೊಟ್ಟಿತು. 1863ರ ಕಾಯಿದೆಗಳಿಂದ ಉಳಿದ ಪ್ರಕರಣಗಳು ಇತ್ಯರ್ಥವಾದವು. ಭೂಮಿ ಯಾರಿಗೆ, ಯಾವಾಗ, ಯಾವ ಸೇವೆಗಾಗಿ ದೊರೆಯಿತು ಎಂಬುದನ್ನು ಇನಾಮುದಾರನು ವಂಶಾವಳಿಯೊಡನೆ ಸಿದ್ಧಪಡಿಸಬೇಕಾಗಿತ್ತು. ಈ ಕಾರಣದಿಂದ ದೇವಸ್ಥಾನದ ಅರ್ಚಕ, ಮಠದ ಅಯ್ಯ, ಊರಿನ ತಳವಾರ ಮೊದಲಾದವರ ಮನೆತನಗಳೂ ದಾಖಲೆಗೆ ಬಂದವು. ಆದರೆ ಭೂಮಿ ಕಳೆದುಕೊಳ್ಳುವ ಭಯದಲ್ಲಿ ಕೊಟ್ಟ ಹೇಳಿಕೆಗಳಾದ್ದರಿಂದ, ದತ್ತಕವನ್ನು ಔರಸವೆಂದು, ಇತ್ತೀಚಿನ ಕೊಡುಗೆಯನ್ನು ಪ್ರಾಚೀನವೆಂದು ಹೇಳಿರುವ ಸಂಭವವನ್ನು ಗಮನದಲ್ಲಿಡಬೇಕು. ಪಾಟೀಲ, ಕುಲಕರ್ಣಿ ಮನೆತನಗಳಿಗೆ 1874ರ ವತನು ಕಾಯಿದೆಯ ದಾಖಲೆಗಳು ಉಪಯುಕ್ತ.

ಭೂಮಿ ಇಲ್ಲದವರ ಬದುಕು ದಾಖಲಾಗಿರುವುದು ವಿರಳ. 1872, 1881ರ ಜನಗಣತಿಯ ಮುದ್ರಿತ ವರದಿಗಳಲ್ಲಿ ಸಂಖ್ಯೆಗಳಿವೆ, ವ್ಯಕ್ತಿಗಳ ಹೆಸರಿಲ್ಲ. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಗ್ಯಾಸೆಟಿಯರುಗಳು (ಠಾಣೆ 1882, ಕನ್ನಡ 1883, ಧಾರವಾಡ, ಬೆಳಗಾವಿ, ಬಿಜಾಪುರ 1884) ಊರಿನ ಉದ್ಯೋಗ, ಬೆಳೆ, ದಾರಿ, ಸಂತೆಗಳ ಚಿತ್ರ ಕೊಡುತ್ತವೆ. ಪೂರ್ವಜನನ್ನಲ್ಲ, ಅವನ ಪರಿಸರವನ್ನು ತಿಳಿಯಲು ಅವು ಬೇಕು. 1876ರಿಂದ ಪ್ರಕಟವಾದ ನ್ಯಾಯಾಲಯದ ವರದಿಗಳಲ್ಲಿ ದತ್ತಕ, ಪಾಲು, ವತನುಗಳ ವ್ಯಾಜ್ಯದ ಸಂದರ್ಭದಲ್ಲಿ ವಂಶವೃಕ್ಷಗಳೇ ಮುದ್ರಿತವಾಗಿವೆ. 1864ರಿಂದ ಜಾರಿಗೆ ಬಂದ ನೋಂದಣಿ ಕಾಯಿದೆಗಳ ಮೂಲಕ ದಾಖಲಾದ ಕ್ರಯ, ಅಡವು ಪತ್ರಗಳಲ್ಲಿ ಸಾಕ್ಷಿ ಹಾಕಿದ ಬಡವರ ಹೆಸರೂ ಸಿಗುವುದುಂಟು. ಸಾಕ್ಷಿಗಳ ಹೆಸರುಗಳನ್ನು ಅಲಕ್ಷಿಸುವುದು ಶೋಧಕರು ಸಾಮಾನ್ಯವಾಗಿ ಮಾಡುವ ತಪ್ಪು. ನೆಂಟರು, ನೆರೆಯವರು ಅಲ್ಲಿಯೇ ಇರುತ್ತಾರೆ.

9. ತಾಯಿಯ ಕಡೆಯ ವಂಶ

ತುಳುನಾಡಿನಿಂದ ಬಂದ ಬಂಟ, ಬಿಲ್ಲವ, ಮೊಗವೀರ ಮನೆತನಗಳ ಶೋಧಕ್ಕೆ ಮೇಲಿನ ಕ್ರಮ ಹಾಗೆಯೇ ಅನ್ವಯಿಸದು. ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬ, ಬಳಿ, ಮನೆಯ ಹಕ್ಕು ತಾಯಿಯಿಂದ ಬರುತ್ತವೆ. ಕಂದಾಯದ ಪಟ್ಟಿಯಲ್ಲಿ ಒಬ್ಬ ಯಜಮಾನನ ಅನಂತರ ಕಾಣುವ ಹೆಸರು ಅವನ ಮಗನದಾಗಿರದೆ ಸೋದರಳಿಯನದು ಅಥವಾ ತಮ್ಮನದು ಆಗಿರುವ ಸಂಭವ ಹೆಚ್ಚು. ಇದನ್ನು ಅರಿಯದವರು ಅನುಕ್ರಮವಾಗಿ ಬಂದ ಹೆಸರುಗಳನ್ನೆಲ್ಲ ತಂದೆ ಮಕ್ಕಳೆಂದು ಬರೆದು ಇಲ್ಲದ ವಂಶವೃಕ್ಷವೊಂದನ್ನು ಕಟ್ಟುತ್ತಾರೆ.

ಮುಂಬಯಿ, ಠಾಣೆಗಳಿಗೆ ಬಂದ ಮೇಲೆ ಸಮಸ್ಯೆ ಇನ್ನೂ ಜಟಿಲವಾಯಿತು. ಇಲ್ಲಿನ ಶಾಲೆ, ಕಚೇರಿಗಳ ಅರ್ಜಿಗಳಲ್ಲಿ ಹೆಸರಿನ ನಡುವೆ ತಂದೆಯ ಹೆಸರು ಬರೆಯಬೇಕು. ತಾಯಿಯ ಕುಟುಂಬದ ಗುತ್ತು, ಬರ್ಕೆ ಮೊದಲಾದ ಮನೆಹೆಸರಿಗೆ ಅಲ್ಲಿ ಸ್ಥಳವಿಲ್ಲ. ಹೀಗೆ ವಂಶದ ನಿಜವಾದ ಕೊಂಡಿ ಯಾವುದೋ ಅದೇ ದಾಖಲೆಯಿಂದ ಮರೆಯಾಯಿತು. ಆದ್ದರಿಂದ ಈ ಮನೆಗಳಲ್ಲಿ ಅಜ್ಜಿಯನ್ನು ಮೊದಲು ಕೇಳಬೇಕು: ತಾಯಿಯ ತಾಯಿ ಯಾವ ಮನೆಯವಳು, ಆ ಮನೆಯಲ್ಲಿ ಯಾವ ದೈವದ ನೇಮ ನಡೆಯುತ್ತದೆ, ಕುಟುಂಬದ ಸೂತಕ ಯಾರಾರಿಗೆ ತಟ್ಟುತ್ತದೆ. ಸೂತಕದ ವ್ಯಾಪ್ತಿ ಕುಟುಂಬದ ವ್ಯಾಪ್ತಿಯನ್ನು ತಿಳಿಸುತ್ತದೆ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ವಿಭಾಗಕ್ಕೆ ಅವಕಾಶ ಕೊಟ್ಟ ಮೇಲೆ ಸಿದ್ಧವಾದ ಪಾಲುಪತ್ರಗಳಲ್ಲಿ ತಾಯಿಯ ಕವಲುಗಳ ವಿವರ ದೊರೆಯುತ್ತದೆ. ಅವು ಇಪ್ಪತ್ತನೆಯ ಶತಮಾನದ ಪತ್ರಗಳಾದರೂ ಹತ್ತೊಂಬತ್ತನೆಯ ಶತಮಾನದ ಮೂಲಸ್ತ್ರೀಯರನ್ನು ಹೆಸರಿಸುವುದುಂಟು. ಉಳಿದ ಸಮಾಜಗಳಲ್ಲಿ ಹೆಣ್ಣಿನ ಹೆಸರು ಅಡಗಿಹೋಗಿರುವಾಗ ಇಲ್ಲಿ ಅದೇ ವಂಶದ ಆದಿಯಾಗಿ ಉಳಿದಿರುವುದು ಗಮನಾರ್ಹ.

10. ಮನೆಯ ಕಥೆಯ ಪರೀಕ್ಷೆ

ಕುಟುಂಬದ ಕಥೆಯನ್ನು ಇಡಿಯಾಗಿ ಒಪ್ಪುವುದೂ ಇಡಿಯಾಗಿ ತಳ್ಳಿಹಾಕುವುದೂ ಸರಿಯಲ್ಲ. ಅದನ್ನು ಬಿಡಿ ಹೇಳಿಕೆಗಳಾಗಿ ವಿಂಗಡಿಸಿ ಒಂದೊಂದನ್ನೂ ಪರೀಕ್ಷಿಸಬೇಕು. ಒಂದು ಮನೆಯಲ್ಲಿ 'ನಮ್ಮ ಹಿರಿಯ ನರಗುಂದದ ಬಂಡಾಯದಲ್ಲಿದ್ದ, ಸೋತ ಮೇಲೆ ತಲೆತಪ್ಪಿಸಿಕೊಂಡು ರೈಲಿನಲ್ಲಿ ಠಾಣೆಗೆ ಬಂದ' ಎಂಬ ಕಥೆ ಇದೆಯೆಂದು ಭಾವಿಸೋಣ. ನರಗುಂದದ ಬಾಬಾಸಾಹೇಬನ ಬಂಡಾಯ ನಡೆದುದು 1858ರ ಮೇ ತಿಂಗಳ ಕೊನೆಯಲ್ಲಿ. ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಹತನಾದ. ಜೂನ್ 12ರಂದು ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಬೋರಿಬಂದರದಿಂದ ಠಾಣೆಗೆ ರೈಲು ಓಡಿದುದು 1853ರ ಏಪ್ರಿಲ್ 16ರಂದು, ಕಲ್ಯಾಣಕ್ಕೆ 1854ರಲ್ಲಿ, ಪುಣೆಯಿಂದ ಖಂಡಾಳದವರೆಗೆ 1858ರ ಜೂನಿನಲ್ಲಿ. ಬೋರಘಾಟಿನ ಮಾರ್ಗ ಪೂರ್ಣವಾದುದು 1863ರಲ್ಲಿ. ನರಗುಂದದ ಸೀಮೆಗೆ ರೈಲು ಬಂದುದು 1880ರ ದಶಕದಲ್ಲಿ. ಆದುದರಿಂದ ನರಗುಂದದಿಂದ ಠಾಣೆಯವರೆಗೆ ರೈಲಿನಲ್ಲಿ ಬಂದನೆಂಬುದು ಅಸಂಭವ. ಆದರೆ ನಡೆದು ಪುಣೆಯನ್ನು ಸೇರಿ, ಘಾಟಿಳಿದು, ಕೊನೆಯ ಭಾಗದಲ್ಲಿ ರೈಲು ಹತ್ತಿದನೆಂಬುದು ಅಸಾಧ್ಯವಲ್ಲ. ಅಥವಾ ಬಂಡಾಯದಲ್ಲಿದ್ದವನು ತಂದೆ, ರೈಲಿನಲ್ಲಿ ಬಂದವನು ಮಗ ಎಂದು ಎರಡು ತಲೆಮಾರುಗಳು ಕಥೆಯಲ್ಲಿ ಒಂದಾಗಿರಬಹುದು. ಮೌಖಿಕ ಪರಂಪರೆಯಲ್ಲಿ ಇಂತಹ ಸಂಕೋಚ ಸಾಮಾನ್ಯ.

ಬಂಡಾಯದ ವಿಷಯಕ್ಕೆ ಜಾನಪದವೂ ಆಕರವಾಗುತ್ತದೆ. ಜೆ. ಎಫ್. ಫ್ಲೀಟ್ ಅವರು 1880ರ ದಶಕದಲ್ಲಿ ಸಂಗ್ರಹಿಸಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಮೊದಲಾದವರ ವೃತ್ತಾಂತಗಳಿವೆ. ಲಾವಣಿಯಲ್ಲಿ ಒಂದು ಹೆಸರಿದೆಯೆಂದ ಮಾತ್ರಕ್ಕೆ ಅವನು ನಮ್ಮ ಅಜ್ಜನೆಂದು ಸಿದ್ಧವಾಗದು. ಊರು ಮತ್ತು ತಂದೆಯ ಹೆಸರೂ ಹೊಂದಬೇಕು.

ಕರಾವಳಿಯ ಕಥೆಗಳಿಗೂ ಇದೇ ಪರೀಕ್ಷೆ. ಮಂಗಳೂರಿಗೆ ರೈಲು ಬಂದುದು 1907ರಲ್ಲಿ, ಅದೂ ಮದರಾಸಿನ ಕಡೆಯಿಂದ; ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದುದು 1998ರಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕರಾವಳಿಯಿಂದ ಮುಂಬಯಿಗೆ ಬಂದವನ ಸಹಜವಾದ ದಾರಿ ಸಮುದ್ರ. ಧಾರವಾಡದ ಹತ್ತಿಯೂ ಘಟ್ಟವಿಳಿದು ಕುಮಟೆಯ ಬಂದರಿನಿಂದಲೇ ಮುಂಬಯಿಗೆ ಸಾಗುತ್ತಿತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-1865) ಈ ವ್ಯಾಪಾರ ಬಹಳ ಬೆಳೆಯಿತು. 'ಹತ್ತಿಯ ಮೂಟೆಗಳೊಡನೆ ಹಡಗಿನಲ್ಲಿ ಬಂದ' ಎಂಬ ಮಾತು ಧಾರವಾಡದ ಒಕ್ಕಲಿನವನ ಬಾಯಲ್ಲಿ ವಿಚಿತ್ರವೆನಿಸಿದರೂ ಕಾಲಕ್ಕೆ ಒಪ್ಪುತ್ತದೆ. ಇಂತಹ ವಿವರವನ್ನು ಮುಂದಿನವರು ಕಲ್ಪಿಸಿ ಸೇರಿಸುವುದು ಕಷ್ಟ. ಆದುದರಿಂದ ಅದಕ್ಕೆ ಹೆಚ್ಚಿನ ಬೆಲೆ ಕೊಡಬೇಕು.

11. ಉಪಸಂಹಾರ

ಮೇಲಿನ ವಿವೇಚನೆಯಿಂದ ಒಡಮೂಡುವ ಕ್ರಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಕೋಪರಿಯ ಮನೆಯಲ್ಲಿರುವ ಕಾಗದ ಮತ್ತು ಮಾತುಗಳನ್ನು ಮೊದಲು ದಾಖಲಿಸಬೇಕು. ಮೂಲ ಊರನ್ನು, ಅದು ಆಯಾ ಕಾಲದಲ್ಲಿ ಸೇರಿದ್ದ ಆಡಳಿತವನ್ನು ನಿಶ್ಚಯಿಸಬೇಕು. ಅನಂತರವೇ ಪತ್ರಾಗಾರಕ್ಕೆ ಹೋಗಬೇಕು. ದೊರೆತ ಹೆಸರು ನಮ್ಮ ಪೂರ್ವಜನದೇ ಎಂಬುದಕ್ಕೆ ಊರು, ಬಂಧುತ್ವ, ಭೂಮಿ, ಕಾಲ ಇವುಗಳಲ್ಲಿ ಮೂರಾದರೂ ಹೊಂದಬೇಕು. ಬರೆಯುವಾಗ ದಾಖಲೆಯಿಂದ ಸಿದ್ಧವಾದುದು, ಹಲವು ಸುಳಿವುಗಳಿಂದ ಸಂಭವವೆನಿಸುವುದು, ಮನೆಯವರು ಹೇಳುವುದು ಈ ಮೂರನ್ನೂ ಬೇರೆ ಬೇರೆಯಾಗಿಯೇ ಇಡಬೇಕು. ಮೂರನೆಯದನ್ನು ಬಿಟ್ಟುಬಿಡಬಾರದು, ಇಂದು ಆಧಾರವಿಲ್ಲದ ಮಾತಿಗೆ ನಾಳೆ ಆಧಾರ ದೊರೆಯಬಹುದು.

ಪತ್ರಾಗಾರದ ಕಾಗದಗಳು ಇನ್ನೂ ಕೆಲವು ಕಾಲ ಕಾಯುತ್ತವೆ. ಮನೆಯ ಕಾಗದಗಳು ಕಾಯುವುದಿಲ್ಲ. ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವಾಗ, ಓದಲು ಬಾರದ ಲಿಪಿಯ ಕಟ್ಟುಗಳೇ ಮೊದಲು ರದ್ದಿಗೆ ಹೋಗುತ್ತವೆ. ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದ ಮನೆಯಲ್ಲಿ ಕನ್ನಡದ ಕಡತಕ್ಕೂ ಮೋಡಿಯ ಕಡತಕ್ಕೂ ಒಂದೇ ಗತಿ. ಹೊರನಾಡಿನ ಸಂಶೋಧಕರು ಪೂರ್ವಜನ ಜೀವನವನ್ನು ಬರೆಯುವುದಕ್ಕೆ ಮುಂಚೆ, ಆ ಕಟ್ಟುಗಳ ಛಾಯಾಪ್ರತಿಯನ್ನು ತೆಗೆದು, ಯಾರ ಮನೆಯದು, ಯಾರಿಂದ ಬಂದುದು ಎಂಬ ಟಿಪ್ಪಣಿಯನ್ನು ಸೇರಿಸಿಟ್ಟರೂ ಸಾಕು. ಮುಂದೆ ಓದಬಲ್ಲವರ ಕೈಗೆ ಅದು ದೊರೆತಾಗ, ಹೆಸರು ಮಾತ್ರವಾಗಿ ಉಳಿದಿದ್ದ ಹಿರಿಯನಿಗೆ ಊರು, ಹೊಲ, ನೆಂಟರು, ಕಾಲ ಮರಳಿ ಬರುತ್ತವೆ.